ಹಾಂಗ್‌ಝೌನಲ್ಲಿ ಬೆನ್ನಿಗೆ ಬಟ್ಟಲು

ಚೀನಾದ ಹಾಂಗ್‌ಝೌಗೆ ಹೋದವರು ಪಶ್ಚಿಮ ಸರೋವರದಲ್ಲಿ ದೋಣಿ ಹತ್ತದೆ ಬರುವುದಿಲ್ಲ. ನನಗೆ ಮಾತ್ರ ಸರೋವರದ ಉತ್ತರಕ್ಕಿರುವ ಗೆಲಿಂಗ್ ಗುಡ್ಡ ಹತ್ತುವ ಆಸೆ. ನಾಲ್ಕನೇ ಶತಮಾನದ ವೈದ್ಯ ಗೆ ಹಾಂಗ್ ಇಲ್ಲೇ ನೆಲೆಸಿದ್ದ ಎನ್ನುತ್ತಾರೆ. ಮೇಲಿರುವ ಹಳದಿ ಗೋಡೆಯ ದಾವೊ ಪಂಥದ ಗುಡಿಗೂ ಅವನದೇ ಹೆಸರು. ಮೈಗೆ ಬಟ್ಟಲು ಅಂಟಿಸಿ ಚರ್ಮ ಎಳೆಯುವ ಚಿಕಿತ್ಸೆ (ಕಪ್ಪಿಂಗ್) ಗೊತ್ತಲ್ಲ, ಅದರ ಹಳೆಯ ರೂಪ, ಅಂದರೆ ಪ್ರಾಣಿಗಳ ಕೊಂಬನ್ನು ಮೈಗೆ ಅಂಟಿಸಿ ಕೀವು ಎಳೆಯುವುದು, ಅವನ ಪುಸ್ತಕದಲ್ಲಿದೆ. ಅದೇ ಪುಸ್ತಕದ ಸುಳಿವು ಹಿಡಿದು ಚೀನಾದ ವಿಜ್ಞಾನಿ ತೂ ಯೂಯೂ ಮಲೇರಿಯಾಕ್ಕೆ ಮದ್ದು ಕಂಡುಹಿಡಿದರು, 2015ರಲ್ಲಿ ನೊಬೆಲ್ ಪಡೆದರು. ಹಳೆಯದನ್ನು ಸುಮ್ನೆ ತಳ್ಳಿಹಾಕಬಾರದು ಅನ್ನಿಸುವುದು ಇದಕ್ಕೇ.

ಇಳಿದು ಹೆಫಾಂಗ್ ಬೀದಿಗೆ ಬಂದೆ. ಅಲ್ಲಿ 1874ರಲ್ಲಿ ಶುರುವಾದ ಹು ಛಿಂಗ್ ಯು ತಾಂಗ್ ಔಷಧಿ ಅಂಗಡಿ ಇದೆ. 'ಮೋಸ ಬೇಡ' ಎಂಬ ಫಲಕ ಗಿರಾಕಿಗಳ ಕಡೆಗಲ್ಲ, ಒಳಗೆ ಕೆಲಸ ಮಾಡುವವರ ಕಡೆಗೆ ಮುಖ ಮಾಡಿದೆ. ಬಹಳ ಇಷ್ಟವಾಯಿತು.

ಕುತ್ತಿಗೆ ಬಿಗಿತಕ್ಕೆ ನಾನು ಬಟ್ಟಲು ಹಾಕಿಸಿಕೊಂಡಿದ್ದು ಹತ್ತಿರದ ಗಲ್ಲಿಯ ಸಣ್ಣ ಚಿಕಿತ್ಸಾಲಯದಲ್ಲಿ. ವೈದ್ಯೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಇಕ್ಕಳದಲ್ಲಿ ಹಿಡಿದು ಹೊತ್ತಿಸಿದರು. ಗಾಜಿನ ಬಟ್ಟಲೊಳಗೆ ಒಂದು ಸುತ್ತು ಆಡಿಸಿ, ತಟ್ಟನೆ ಹೊರತೆಗೆದು, ಬಟ್ಟಲನ್ನು ಬೆನ್ನಿಗೆ ಒತ್ತಿದರು. ಉರಿ ಮೈಗೆ ತಾಗುವುದೇ ಇಲ್ಲ. ಒಳಗಿನ ಬಿಸಿಗಾಳಿ ತಣಿದಾಗ ಒತ್ತಡ ಇಳಿಯುತ್ತದೆ, ಚರ್ಮ ಉಬ್ಬಿ ಬಟ್ಟಲೊಳಗೆ ಏಳುತ್ತದೆ. ನೋವಲ್ಲ, ಬಿಗಿಯಾದ ಎಳೆತ. ಪಕ್ಕದ ಮಂಚದ ಅಜ್ಜ ಬೆನ್ನ ತುಂಬ ಬಟ್ಟಲು ಹೊತ್ತು ಗೊರಕೆ ಹೊಡೆಯುತ್ತಿದ್ದರು!

ಸುಮಾರು ಹತ್ತು ನಿಮಿಷದ ನಂತರ ವೈದ್ಯೆ ಅಂಚಿನ ಚರ್ಮವನ್ನು ಬೆರಳಿಂದ ಒತ್ತಿದರು. 'ಪುಸ್' ಎಂದು ಗಾಳಿ ನುಗ್ಗಿ ಬಟ್ಟಲು ಕೈಗೆ ಬಂತು. ಬೆನ್ನಲ್ಲಿ ನೇರಳೆ ವೃತ್ತಗಳು. ಮೈಯೊಳಗೆ ತೇವ, ಶೀತ ಜಾಸ್ತಿ, ಅದಕ್ಕೇ ಇಷ್ಟು ಕಪ್ಪು ಎಂದರು. ಅದನ್ನು ನಾನು ಒಪ್ಪುವುದಿಲ್ಲ. ಚರ್ಮದಡಿಯ ಸಣ್ಣ ರಕ್ತನಾಳಗಳು ಒಡೆದು ಆಗುವ ಕಲೆ ಅದು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಫೆಲ್ಪ್ಸ್ ಭುಜದ ಮೇಲೆ ಎಲ್ಲರೂ ನೋಡಿದ್ದೂ ಇದನ್ನೇ. ಆದರೆ ಕುತ್ತಿಗೆಯ ಬಿಗಿತ ನಿಜಕ್ಕೂ ಸಡಿಲವಾಗಿತ್ತು. ಈ ಆರಾಮ ಎಷ್ಟು ದಿನ ಇರುತ್ತೆ ಎಂದು ಕೇಳಿದೆ. 'ಕೆಲವು ದಿನ. ಕೂರುವ ರೀತಿ ಬದಲಿಸದಿದ್ದರೆ ಬಿಗಿತ ಮತ್ತೆ ಬರುತ್ತೆ' ಎಂದರು. ಆ ನೇರ ಮಾತಿಗೆ ಅವರ ಮೇಲೆ ಗೌರವ ಹುಟ್ಟಿತು.

ನಮ್ಮ ಸುಶ್ರುತ ಸಂಹಿತೆಯಲ್ಲೂ ರಕ್ತ ತೆಗೆಯಲು ಕೊಂಬು ಮತ್ತು ದೀಪ ಇಟ್ಟ ಸೋರೆಬುರುಡೆ ಬಳಸುವ ಮಾತಿದೆ ಅಲ್ವಾ? ಹಾಂಗ್‌ಝೌಗೆ ಹೋದವರು ಒಮ್ಮೆ ಹಾಕಿಸಿಕೊಳ್ಳಿ, ಬೆನ್ನು ಕುತ್ತಿಗೆ ಬಿಗಿತಕ್ಕೆ ಮಾತ್ರ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಖಂಡಿತ ಬೇಡ.