ಹಳೇ ಗೋವಾದ ಬೆಟ್ಟದ ಮೇಲೆ ಅರ್ಧ ಗೋಪುರ

ಹಳೇ ಗೋವಾಕ್ಕೆ ಹೋದವರು ಸಾಮಾನ್ಯವಾಗಿ ಎರಡು ಚರ್ಚು ನೋಡಿ ಬರುತ್ತಾರೆ. ಒಂದು, ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹವಿರುವ ಬೋಮ್ ಜೀಸಸ್ ಬಸಿಲಿಕಾ. ಇನ್ನೊಂದು, ರಸ್ತೆಯ ಆಚೆ ಇರುವ ಬಿಳಿ ಬಣ್ಣದ ಸೇ ಕ್ಯಾಥೆಡ್ರಲ್. ಎರಡೂ ನೋಡಲೇಬೇಕಾದವು, ಅದರಲ್ಲಿ ಮಾತಿಲ್ಲ. ಆದರೆ ಈ ಊರಿನಲ್ಲಿ ನಿಂತಿರುವ ಚರ್ಚುಗಳಿಗಿಂತ ಬಿದ್ದುಹೋದವೇ ನನ್ನನ್ನು ಜಾಸ್ತಿ ಎಳೆಯುತ್ತವೆ. ಹಾಗಾಗಿ ಈ ಸಲ ಬಸಿಲಿಕಾದಿಂದ ಹೊರಬಂದವರೇ ನೇರ ಪಶ್ಚಿಮದ ಬೆಟ್ಟ ಹತ್ತಿದೆವು.

ಬೆಟ್ಟದ ಹೆಸರು ಮೋಂತೆ ಸಾಂತೊ. ಏರು ದೊಡ್ಡದಲ್ಲ. ತುದಿಗೆ ಬರುತ್ತಿದ್ದಂತೆ ಮರಗಳ ಮೇಲಿಂದ ಕೆಂಪು ಗೋಪುರವೊಂದು ಕಾಣಿಸುತ್ತದೆ. ಎತ್ತರ ಸುಮಾರು 46 ಮೀಟರ್. ಹತ್ತಿರ ಹೋದಾಗಲೇ ಗೊತ್ತಾಗುವುದು, ಅದು ಅರ್ಧ ಮಾತ್ರ. ಒಂದು ಬದಿ ಮೇಲಿನಿಂದ ಕೆಳಗಿನವರೆಗೆ ಸೀಳಿಹೋಗಿದೆ. ಒಳಗಿನ ಕಮಾನುಗಳು ಬಯಲಿಗೆ ಬಿದ್ದಿವೆ. ಅಗಸ್ಟೀನ್ ಸಭೆಯ ಸನ್ಯಾಸಿಗಳು ಕಟ್ಟಿ 1602ರಲ್ಲಿ ಮುಗಿಸಿದ ಚರ್ಚು ಇದು. ಕೃಪಾಮಾತೆಗೆ ಅರ್ಪಿಸಿದ್ದು. ಪಕ್ಕದಲ್ಲೇ ಅವರ ಮಠವೂ ಇತ್ತು.

ಅಡಿಪಾಯದ ಮೇಲೆ ಮೊಣಕಾಲೆತ್ತರದ ಗೋಡೆಗಳಷ್ಟೇ ಉಳಿದಿರುವ ಕಡೆಯೂ ಕೋಣೆಗಳ ಗುರುತು ಸಿಗುತ್ತದೆ. ಇಲ್ಲಿ ಬಲಿಪೀಠ, ಅಲ್ಲಿ ಪಕ್ಕದ ಚಾಪೆಲುಗಳು, ಆಚೆ ಮಠದ ಅಂಗಳ. ನೆಲದಲ್ಲಿ ಗೋರಿಕಲ್ಲುಗಳು. ಪೋರ್ಚುಗೀಸ್ ಅಕ್ಷರ, ಮನೆತನದ ಲಾಂಛನ, ಕೆಲವು ಇನ್ನೂ ಓದುವಷ್ಟು ಸ್ಪಷ್ಟ. ಅಲ್ಲಲ್ಲಿ ಬಣ್ಣದ ಹೊಳಪು ಹೆಂಚುಗಳ ಚೂರುಗಳೂ ಗೋಡೆಗೆ ಅಂಟಿಕೊಂಡಿವೆ. ಸೂರು ಇಲ್ಲದ ಜಾಗದಲ್ಲಿ ಆ ನೀಲಿ, ಹಳದಿ ಬಣ್ಣ ಇಷ್ಟು ವರ್ಷ ಹೇಗೆ ತಡೆದುಕೊಂಡಿತೋ ಎಂದು ನಾವು ಸುಮಾರು ಹೊತ್ತು ಅಲ್ಲೇ ನಿಂತೆವು.

ಇಷ್ಟು ದೊಡ್ಡ ಕಟ್ಟಡ ಬಿದ್ದಿದ್ದು ಯುದ್ಧದಿಂದಲ್ಲ, ಭೂಕಂಪದಿಂದಲೂ ಅಲ್ಲ. 1834ರಲ್ಲಿ ಪೋರ್ಚುಗಲ್ ಸರ್ಕಾರ ಸನ್ಯಾಸಿ ಸಭೆಗಳನ್ನು ರದ್ದು ಮಾಡಿತು. ಮರುವರ್ಷ ಆ ಆದೇಶ ಗೋವಾದಲ್ಲೂ ಜಾರಿಯಾಯಿತು. ಸನ್ಯಾಸಿಗಳು ಬಿಟ್ಟು ಹೋದರು. 1842ರಲ್ಲಿ ಚರ್ಚಿನ ಚಾವಣಿ ಕುಸಿಯಿತು. ಬರೀ ಏಳು ವರ್ಷ ನೋಡಿ! 1931ರಲ್ಲಿ ಮುಂಭಾಗ ಮತ್ತು ಗೋಪುರದ ಅರ್ಧ ಉರುಳಿದವು, 1938ರಲ್ಲಿ ಇನ್ನಷ್ಟು. ಗೋಪುರದ ಗಂಟೆಯನ್ನು ಅದಕ್ಕೂ ಮೊದಲೇ ಇಳಿಸಿದ್ದರು. ಕೆಲವು ಕಾಲ ಅದು ಆಗ್ವಾದ ಕೋಟೆಯ ದೀಪಸ್ತಂಭದಲ್ಲಿತ್ತು. 1871ರಲ್ಲಿ ಪಣಜಿಯ ಮೆಟ್ಟಿಲುಗಳ ಮೇಲಿನ ಬಿಳಿ ಚರ್ಚು ಸೇರಿತು. ಆ ಮೆಟ್ಟಿಲ ಮೇಲೆ ಫೋಟೊ ತೆಗೆಸಿಕೊಳ್ಳುವವರು ಒಮ್ಮೆ ತಲೆ ಎತ್ತಿ ಗಂಟೆಯನ್ನೂ ನೋಡಬೇಕು.

ಎದುರಿಗೇ ಸಾಂತಾ ಮೋನಿಕಾ ಕಾನ್ವೆಂಟ್ ಇದೆ. ಅದು ಇಂದಿಗೂ ಗಟ್ಟಿಯಾಗಿ ನಿಂತಿದೆ. ಕಾರಣವಿದೆ. ಗಂಡಸರ ಸಭೆಗಳನ್ನು ಕಳಿಸಿದ ಹಾಗೆ ಸನ್ಯಾಸಿನಿಯರನ್ನು ಹೊರಹಾಕಲಿಲ್ಲ. ಹೊಸಬರನ್ನು ಸೇರಿಸಿಕೊಳ್ಳುವ ಹಾಗಿರಲಿಲ್ಲ, ಆದರೆ ಇದ್ದವರು ಕೊನೆಯವರೆಗೂ ಅಲ್ಲೇ ಬದುಕಿದರು. ಜನ ಇದ್ದರು, ಹಾಗಾಗಿ ಸೂರು ಉಳಿಯಿತು. ಒಂದೇ ಬೆಟ್ಟ, ಒಂದೇ ಕಲ್ಲು, ಒಂದೇ ಮಳೆ. ಎರಡು ಕಟ್ಟಡಗಳ ಗತಿ ಮಾತ್ರ ಎಷ್ಟು ಬೇರೆ ಅಲ್ವಾ?

ಅಗಸ್ಟೀನ್ ಚರ್ಚಿನ ಅವಶೇಷಗಳಲ್ಲಿ ನನ್ನನ್ನು ಹೆಚ್ಚು ಕಾಡಿದ ಕಥೆ ಜಾರ್ಜಿಯಾದ ರಾಣಿ ಕೆತೆವಾನ್ ಅವರದು. ಪರ್ಷಿಯಾದ ದೊರೆ ಶಾ ಅಬ್ಬಾಸ್ ಈ ರಾಣಿಯನ್ನು ಸೆರೆಯಲ್ಲಿಟ್ಟು ಮತ ಬದಲಿಸಲು ಹೇಳಿದ. ಅವರು ಒಪ್ಪಲಿಲ್ಲ. 1624ರಲ್ಲಿ ಶಿರಾಜ್‌ನಲ್ಲಿ ಚಿತ್ರಹಿಂಸೆ ಕೊಟ್ಟು ಕೊಂದರು. ಅಲ್ಲಿದ್ದ ಅಗಸ್ಟೀನ್ ಸನ್ಯಾಸಿಗಳು ಅವರ ಮೂಳೆಗಳನ್ನು ಕಾಪಾಡಿ, ಒಂದಷ್ಟನ್ನು 1627ರಲ್ಲಿ ಗೋವಾಕ್ಕೆ ತಂದರು. ಹಳೆಯ ಪೋರ್ಚುಗೀಸ್ ದಾಖಲೆಗಳಲ್ಲಿ ಅವನ್ನಿಟ್ಟ ಜಾಗದ ವಿವರ ಇತ್ತು, ಮಠದ ಸಭಾಭವನದ ಕಿಟಕಿಯೊಂದರ ಬಳಿ ಎಂದು. ಆದರೆ ಗೋಡೆಯೇ ಬಿದ್ದ ಮೇಲೆ ಕಿಟಕಿ ಹುಡುಕುವುದೆಲ್ಲಿ? ಪುರಾತತ್ವ ಇಲಾಖೆಯವರು ವರ್ಷಗಟ್ಟಲೆ ಮಣ್ಣು, ಕಲ್ಲು ತೆಗೆದು ಕೊನೆಗೂ ಮೂಳೆಗಳನ್ನು ಪತ್ತೆಮಾಡಿದರು. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆ ಮಾಡಿ, ಅದು ಜಾರ್ಜಿಯಾದ ಜನರಲ್ಲಿ ಕಾಣುವ ವಂಶವಾಹಿಗೆ ಹೊಂದುತ್ತದೆ ಎಂದು ತೋರಿಸಿದರು. 2021ರಲ್ಲಿ ಭಾರತ ಒಂದು ಭಾಗವನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಸೂರು ಬಿದ್ದ ಮಠವೊಂದು ಇನ್ನೊಂದು ದೇಶದ ಸಂತಳನ್ನು ಅಷ್ಟು ಕಾಲ ಮಣ್ಣಿನಡಿ ಕಾಯ್ದುಕೊಂಡಿತ್ತು.

ಬೆಟ್ಟ ಇಳಿದು ಸಂತ ಪಾವ್ಲ್ ಕಾಲೇಜಿನ ಕಡೆ ಹೋದೆವು. ಉಳಿದಿರುವುದು ಒಂದು ಬಾಗಿಲು, ಅಷ್ಟೇ. ಭಾರತದ ಮೊದಲ ಮುದ್ರಣಯಂತ್ರ 1556ರಲ್ಲಿ ಬಂದಿಳಿದು ಕೆಲಸ ಶುರುಮಾಡಿದ್ದು ಈ ಕಾಲೇಜಿನಲ್ಲಿ. ಅಚ್ಚಾದ ಪುಸ್ತಕ ಓದುವ ಯಾರೇ ಆಗಲಿ, ಒಂದು ನಿಮಿಷ ನಿಲ್ಲಬೇಕಾದ ಜಾಗ. ರಸ್ತೆಯಲ್ಲಿ ಹೋಗುವ ವಾಹನಗಳು ಮಾತ್ರ ಸುಮ್ನೆ ಹಾದುಹೋಗುತ್ತವೆ. ಸಂತ ಕಜೆತಾನ್ ಚರ್ಚಿನ ಹತ್ತಿರ ಇಂಥದ್ದೇ ಇನ್ನೊಂದು ಬಾಗಿಲಿದೆ. ಅದು ಬಿಜಾಪುರದ ಆದಿಲ್‌ಶಾಹಿಗಳ ಅರಮನೆಯದು. 1510ರಲ್ಲಿ ಪೋರ್ಚುಗೀಸರು ಊರು ಹಿಡಿದ ಮೇಲೆ ಆ ಅರಮನೆಯಲ್ಲಿ ಅವರ ವೈಸರಾಯ್‌ಗಳೂ ಇದ್ದರು. ಈಗ ಗೆದ್ದವರ ಕಾಲೇಜೂ ಇಲ್ಲ, ಸೋತವರ ಅರಮನೆಯೂ ಇಲ್ಲ.

ಹೊರಡುವ ಮೊದಲು ಮತ್ತೆ ಬಸಿಲಿಕಾದ ಹೊರಗೋಡೆಯ ಹತ್ತಿರ ಹೋದೆ. ಸೇ ಕ್ಯಾಥೆಡ್ರಲ್‌ಗೆ ಸುಣ್ಣದ ಗಾರೆ ಇದೆ. ಬಸಿಲಿಕಾಕ್ಕೆ ಇಲ್ಲ, 1950ರ ದಶಕದಲ್ಲಿ ಅದನ್ನು ಕೆರೆದು ತೆಗೆದರು. ಕೆಂಪು ಕಲ್ಲು ಕಂಡರೆ ಪುರಾತನವಾಗಿ ಕಾಣುತ್ತದೆ, ಜನರಿಗೂ ಈಗ ಆ ರೂಪವೇ ಇಷ್ಟ. ಆದರೆ ಇದು ಮುರಕಲ್ಲು. ಸ್ಪಂಜಿನ ಹಾಗೆ ನೀರು ಹೀರುತ್ತದೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಅದರಲ್ಲಿ ಮುರಕಲ್ಲು ಏನಾಗುತ್ತದೆ ಎಂದು ಬೆಟ್ಟದ ಮೇಲೆ ಆಗಷ್ಟೇ ನೋಡಿ ಬಂದಿದ್ದೆ. ಬಸಿಲಿಕಾದ ಕಲ್ಲುಗಳೂ ಅಲ್ಲಲ್ಲಿ ಸವೆದು ಗುಳಿ ಬಿದ್ದಿವೆ. ಮತ್ತೆ ಗಾರೆ ಹಚ್ಚಿ ಎಂದು ಕೇಳುವವರಿದ್ದಾರೆ, ಬೇಡ ಎನ್ನುವವರೂ ಇದ್ದಾರೆ. ನನ್ನನ್ನು ಕೇಳಿದರೆ ಹಚ್ಚಲೇಬೇಕು. ಫೋಟೊ ಸ್ವಲ್ಪ ಬೇರೆ ಥರ ಬಂದರೂ ಪರವಾಗಿಲ್ಲ.