ಕೇಸು ಟ್ರಿಬ್ಯೂನಲ್‌ಗೆ ಹೋದರೂ ವಕೀಲರ ಬಿಲ್ಲು ಬೆನ್ನು ಬಿಡುವುದಿಲ್ಲ

ಇಂಗ್ಲೆಂಡಿನಲ್ಲಿ ಸರ್ವೀಸ್ ಚಾರ್ಜಿನ ಕೇಸನ್ನು ಟ್ರಿಬ್ಯೂನಲ್‌ಗೆ ಕಳಿಸುವ ವರ್ಗಾವಣೆ ಆದೇಶ ಕೌಂಟಿ ಕೋರ್ಟಿನಿಂದ ಬಂದ ದಿನ ಫ್ಲ್ಯಾಟಿನವರು ಉಸಿರು ಬಿಡುತ್ತಾರೆ. ಸರ್ವೀಸ್ ಚಾರ್ಜ್, ಅಂದರೆ ಕಟ್ಟಡದ ನಿರ್ವಹಣೆಗೆ ಕೊಡುವ ಹಣ, ಸರಿಯೋ ಹೆಚ್ಚೋ ಎಂಬುದನ್ನು ಇನ್ನು ಫಸ್ಟ್-ಟಿಯರ್ ಟ್ರಿಬ್ಯೂನಲ್ ನೋಡುತ್ತದೆ, ಅಲ್ಲಿ ಸೋತವರು ಗೆದ್ದವರ ಖರ್ಚು ತುಂಬಬೇಕಿಲ್ಲ ಎಂದು ಯಾರೋ ಹೇಳಿರುತ್ತಾರೆ. ಹೇಳಿದ್ದು ತಪ್ಪಲ್ಲ. ಆದರೆ ಇಂಥವರ ಕಾಗದಪತ್ರ ಓದಿಕೊಡುವಾಗ ನಾವು ಮೊದಲು ಕೇಳುವುದು ಆ ಆದೇಶವನ್ನಲ್ಲ, ಲೀಸ್ ಪತ್ರವನ್ನು.

ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಎಂದರೆ ಬಹುಪಾಲು ಲೀಸ್‌ಹೋಲ್ಡ್. ಬೆಂಗಳೂರಿನಲ್ಲಿ ಫ್ಲ್ಯಾಟಿನ ಜೊತೆ ನೆಲದಲ್ಲೂ ಅವಿಭಜಿತ ಪಾಲು ಕೊಂಡು ರೂಢಿಯಾದವರಿಗೆ ಇದು ಬೇಗ ತಲೆಗೆ ಹೋಗುವುದಿಲ್ಲ. ಕಟ್ಟಡ, ನೆಲ ಎರಡೂ ಫ್ರೀಹೋಲ್ಡರ್‌ನದು, ಅಂದರೆ ಮೂಲ ಮಾಲೀಕರದು. ಕೊಂಡವರದು 99 ವರ್ಷವೋ 125 ವರ್ಷವೋ ಇರುವ ಕರಾರು. ಖರ್ಚಿನ ಗಂಟು ಆ ಕರಾರಿನೊಳಗೇ ಇರುತ್ತದೆ.

ಸರ್ವೀಸ್ ಚಾರ್ಜಿನ 4,200 ಪೌಂಡ್ ಬಾಕಿಗೆ ದಾವೆ ಬಿತ್ತು ಎಂದಿಟ್ಟುಕೊಳ್ಳಿ. ಕೋರ್ಟ್ ಶುಲ್ಕ 205 ಪೌಂಡ್. 10,000 ಪೌಂಡಿನೊಳಗಿನದಾದ್ದರಿಂದ ಸ್ಮಾಲ್ ಕ್ಲೇಮ್ಸ್, ಅಂದರೆ ಸಣ್ಣ ಮೊತ್ತದ ದಾವೆಗಳ ವಿಭಾಗ. ಸಾಮಾನ್ಯವಾಗಿ ಅಲ್ಲಿ ವಕೀಲರ ಫೀಸು ಎದುರಾಳಿಯ ತಲೆಗೆ ಬೀಳುವುದಿಲ್ಲ. ಈಗ ಲೀಸ್ ತೆರೆಯಿರಿ. ‘ಸೆಕ್ಷನ್ 146ರ ನೋಟಿಸಿಗಾಗಿ ಅಥವಾ ಅದನ್ನು ಕೊಡುವ ಉದ್ದೇಶದಿಂದ ಆದ ಎಲ್ಲ ಖರ್ಚನ್ನೂ ಲೀಸುದಾರರು ಕೊಡತಕ್ಕದ್ದು’ ಎಂಬ ಅರ್ಥದ ಒಂದು ಸಾಲು ಎಲ್ಲೋ ನಡುವೆ ಇರುತ್ತದೆ. ಲೀಸ್ ಮುರಿದು ಫ್ಲ್ಯಾಟ್ ವಾಪಸ್ ಪಡೆಯುವ ಮುನ್ನ ಮಾಲೀಕರು ಕೊಡುವ ನೋಟಿಸು ಅದು. ಇಂಥ ಕರಾರಿನ ಬಲದಿಂದ ಸ್ಮಾಲ್ ಕ್ಲೇಮ್ಸ್‌ನಲ್ಲೂ ಖರ್ಚು ವಸೂಲಿ ಮಾಡಬಹುದು, ನಡುವೆ ಟ್ರಿಬ್ಯೂನಲ್‌ನಲ್ಲಿ ಆದ ಖರ್ಚೂ ಅದರಲ್ಲಿ ಸೇರಬಹುದು ಎಂದು 2015ರಲ್ಲಿ ಚಾಪ್ಲೇರ್ ಕಂಪನಿಯ ಕೇಸಿನಲ್ಲಿ ಕೋರ್ಟ್ ಆಫ್ ಅಪೀಲ್ ಹೇಳಿತು. ಹಾಗಾಗಿ ಟ್ರಿಬ್ಯೂನಲ್ ತೀರ್ಪು ಕೊಟ್ಟು ಕಡತ ಕೋರ್ಟಿಗೆ ಮರಳಿದಾಗ, ಬಾಕಿಗಿಂತ ಬಿಲ್ಲೇ ದೊಡ್ಡದಾಗಿ ನಿಂತಿರಬಹುದು.

ತಡೆಯುವ ದಾರಿ ಇದೆ, ಕೇಳಿದವರಿಗೆ ಮಾತ್ರ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ ಸೆಕ್ಷನ್ 20ಸಿ ಕೆಳಗೆ ಅರ್ಜಿ ಹಾಕಿ ಆದೇಶ ಸಿಕ್ಕರೆ, ಮಾಲೀಕರ ಮೊಕದ್ದಮೆ ಖರ್ಚು ಮುಂದಿನ ಸರ್ವೀಸ್ ಚಾರ್ಜಿನಲ್ಲಿ ನುಸುಳುವುದಿಲ್ಲ. ಆದರೆ ನೇರವಾಗಿ ನಿಮ್ಮೊಬ್ಬರ ಹೆಸರಿಗೇ ಬರುವ ಬಿಲ್ಲನ್ನು ಅದು ತಡೆಯದು. ಅದಕ್ಕೆ 2002ರ ಕಾಮನ್‌ಹೋಲ್ಡ್ ಅಂಡ್ ಲೀಸ್‌ಹೋಲ್ಡ್ ರಿಫಾರ್ಮ್ ಕಾಯ್ದೆಯ 11ನೇ ಷೆಡ್ಯೂಲಿನ 5ಎ ಪ್ಯಾರಾ ಬೇಕು. ಇದು ಜಾರಿಗೆ ಬಂದದ್ದು 2017ರ ಏಪ್ರಿಲ್ 6ರಂದು, ಅಂದರೆ ಆ ಚಾಪ್ಲೇರ್ ತೀರ್ಪಿನ ನಂತರ. ಎರಡನ್ನೂ ಕೇಳಬೇಕು. ಟ್ರಿಬ್ಯೂನಲ್ ಹಂತದ ಖರ್ಚಿಗೆ ಟ್ರಿಬ್ಯೂನಲ್‌ನಲ್ಲಿ, ಕೋರ್ಟ್ ಹಂತದ ಖರ್ಚಿಗೆ ಕೋರ್ಟಿನಲ್ಲಿ. ಬಹಳ ಮಂದಿ ಎಡವುವುದು ಇಲ್ಲೇ: ಟ್ರಿಬ್ಯೂನಲ್‌ನಲ್ಲಿ ಆದೇಶ ಪಡೆದು, ಕೋರ್ಟಿನಲ್ಲಿ ಕೇಳುವುದನ್ನೇ ಮರೆಯುತ್ತಾರೆ. ಇನ್ನೊಂದು ಮಾತು, 20ಸಿ ಆದೇಶ ಅರ್ಜಿಯಲ್ಲಿ ಹೆಸರಿಸಿದವರಿಗಷ್ಟೇ. ಪಕ್ಕದ ಮನೆಯವರ ಒಪ್ಪಿಗೆ ಪಡೆದು ಅವರ ಹೆಸರನ್ನೂ ಸೇರಿಸದಿದ್ದರೆ ಅವರ ಪಾಲಿನ ಹೊರೆ ಅವರ ಮೇಲೇ ಉಳಿಯುತ್ತದೆ.

ಮಾಲೀಕರ ಜಾಗದಲ್ಲಿ ನಿವಾಸಿಗಳದೇ ಕಂಪನಿ ಇದ್ದರೆ ವಿಷಯ ಸೂಕ್ಷ್ಮ. ಅದಕ್ಕೆ ಸರ್ವೀಸ್ ಚಾರ್ಜ್ ಬಿಟ್ಟರೆ ಬೇರೆ ಆದಾಯವೇ ಇಲ್ಲದಿರಬಹುದು. ಆದೇಶ ಕೊಟ್ಟರೆ ಕಂಪನಿಯ ಗತಿಯೇನು ಎಂದು ಟ್ರಿಬ್ಯೂನಲ್ ಯೋಚಿಸುತ್ತದೆ, ಯೋಚಿಸಲೂಬೇಕು.

ವಿಚಾರಣೆಗೆ ಮುನ್ನ ಎದುರು ಪಕ್ಷದವರು ಖರ್ಚಿನ ಪಟ್ಟಿ ಕೊಡುತ್ತಾರೆ, ಕೋರ್ಟಿನಲ್ಲಿ ಅದು ನಮೂನೆ ಎನ್260. ಅದನ್ನು ಪೆನ್ಸಿಲ್ ಹಿಡಿದು ಓದಿ. ಕಕ್ಷಿದಾರರಿಗೆ ಬರೆದ ಪತ್ರ, ಎದುರಾಳಿಗೆ ಬರೆದ ಪತ್ರ, ದಾಖಲೆ ಓದಿದ ತಾಸು ಎಲ್ಲ ಬೇರೆ ಬೇರೆ ಸಾಲಿನಲ್ಲಿರುತ್ತವೆ. ಮಾಮೂಲಿ ಪತ್ರ ಒಂದಕ್ಕೆ ಆರು ನಿಮಿಷದ ಲೆಕ್ಕ. ನಿಮಗೆ ಬಂದ ಪತ್ರ ನಾಲ್ಕು, ಪಟ್ಟಿಯಲ್ಲಿ ಹದಿನಾಲ್ಕು ಇದ್ದರೆ ಅಲ್ಲೇ ಗುರುತು ಹಾಕಿ. ಕರಾರಿನ ಖರ್ಚು ನ್ಯಾಯವಾದದ್ದೇ ಎಂದು ಕೋರ್ಟು ಊಹಿಸಿಕೊಂಡು ಹೊರಡುತ್ತದೆ. ಅಲ್ಲ ಎಂದು ತೋರಿಸುವ ಕೆಲಸ ನಿಮ್ಮದು.

ಗೆದ್ದರೂ ನಿಮ್ಮ ವಕೀಲರ ಫೀಸು ಟ್ರಿಬ್ಯೂನಲ್‌ನಲ್ಲಿ ವಾಪಸ್ ಬರುವುದು ಅಪರೂಪ. ಟ್ರಿಬ್ಯೂನಲ್ ನಿಯಮಾವಳಿಯ ನಿಯಮ 13ರಡಿ ಎದುರಾಳಿಯ ನಡವಳಿಕೆ ಅಸಮಂಜಸವಾಗಿತ್ತೆಂದು ತೋರಿಸಬೇಕು. 2016ರ ‘ವಿಲ್ಲೋ ಕೋರ್ಟ್’ ಎಂಬ ಕೇಸಿನ ತೀರ್ಪು ಆ ಮಟ್ಟವನ್ನು ಎತ್ತರದಲ್ಲೇ ಇಟ್ಟಿದೆ. ಅರ್ಜಿಗೆ 28 ದಿನ.

ಈಗೀಗ ಒಬ್ಬರೇ ನ್ಯಾಯಾಧೀಶರು ಒಂದೇ ದಿನ ಟ್ರಿಬ್ಯೂನಲ್ ಆಗಿಯೂ ಕೌಂಟಿ ಕೋರ್ಟ್ ಆಗಿಯೂ ಕೂರುವುದುಂಟು. ಕೊಠಡಿ ಅದೇ, ಮುಖ ಅದೇ, ಆದರೆ ಆದೇಶ ಎರಡು. ಟ್ರಿಬ್ಯೂನಲ್ ಭಾಗದ ಮೇಲ್ಮನವಿಗೆ ಅನುಮತಿ ಕೇಳಲು 28 ದಿನ, ಕೋರ್ಟ್ ಭಾಗಕ್ಕೆ ಸಾಮಾನ್ಯವಾಗಿ 21 ದಿನ. ಎರಡು ತಾರೀಖನ್ನೂ ಅವತ್ತೇ ಕ್ಯಾಲೆಂಡರಿನಲ್ಲಿ ಬರೆದಿಡಿ.