ಹಳ್ಳದ ಸೇತುವೆಗೆ ಮತ್ತೆ ಜೀವ

ಗದಗ–ಹೊಟಗಿ ಲೈನಿನ ನಮ್ಮ ಹಳ್ಳದ ಸೇತುವೆ ರಿಪೇರಿ ನೋಡೋಕೆ ಮೊನ್ನೆ ಅಜ್ಜನ ಜೊತೆ ಹೋಗಿದ್ದೆ. ಈ ಲೈನು 1880ರ ದಶಕದ್ದು, ಸದರ್ನ್ ಮರಾಠಾ ರೈಲ್ವೆ ಹಾಕಿದ್ದು. ಆಗ ಮೀಟರ್ ಗೇಜ್, ಅಂದ್ರೆ ಹಳಿಗಳ ನಡುವೆ 1,000 ಮಿ.ಮೀ. ಈಗ ಬ್ರಾಡ್ ಗೇಜ್, 1,676. ಮೇಲೆ ಹಳಿ ಬದಲಾಯಿತು, ಗಾಡಿಯ ಭಾರ ಜಾಸ್ತಿಯಾಯಿತು, ಆದರೆ ನಮ್ಮ ಹಳ್ಳದಲ್ಲಿ ನಿಂತಿರುವ ಕಲ್ಲಿನ ಕಂಬಗಳು ಅವೇ.

ಕಲ್ಲಿನ ಸಂದಿಯಲ್ಲಿ ಒಂದು ಅರಳಿ ಸಸಿ ಬೇರು ಬಿಟ್ಟಿತ್ತು. ಮೇಸ್ತ್ರಿ ಅದನ್ನು ಕಿತ್ತಾಗ ಹಳೇ ಸುಣ್ಣದ ಗಾರೆ ಹಿಟ್ಟಿನ ಹಾಗೆ ಉದುರಿತು. ಸುಮ್ನೆ ಮೇಲೆ ಸಿಮೆಂಟ್ ಮೆತ್ತಿದರೆ ಆಗಲ್ಲ, ಅಲ್ವಾ? ಪುಡಿಯಾದ ಗಾರೆಯನ್ನೆಲ್ಲ ಕೆರೆದು, ನೀರು ಹೊಡೆದು ತೊಳೆದು, ಕಂಬಕ್ಕೆ ತೂತು ಕೊರೆದು ತೆಳ್ಳನೆಯ ಸಿಮೆಂಟ್ ಹಾಲನ್ನು ಪಂಪಿನಿಂದ ಒಳಗೆ ತಳ್ಳುತ್ತಾರೆ. ಪಕ್ಕದ ತೂತಿನಿಂದ ಅದು ಹೊರಗೆ ಬಂದಾಗಲೇ ಒಳಗಿನ ಪೊಳ್ಳು ತುಂಬಿದೆ ಅಂತ ಗೊತ್ತಾಗೋದು.

ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಹಾಗಾಗಿ ಬುನಾದಿ ಸುತ್ತ ಮಣ್ಣು ಕೊಚ್ಚಿ ಹೋಗದಂತೆ ಕಲ್ಲು ಹಾಸುವುದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಕೆಲಸ ನಡೆಯುವಾಗ ಗಾಡಿ ನಿಧಾನಕ್ಕೆ ದಾಟುತ್ತೆ. ಅದು ದಾಟುವಷ್ಟು ಹೊತ್ತೂ ಅಜ್ಜ ಕಂಬದ ಮೇಲೆ ಅಂಗೈ ಇಟ್ಟುಕೊಂಡೇ ನಿಂತಿದ್ದರು.